ಉಚಿತ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್: ಹೊಸಬರು ಯಾವುದನ್ನು ಹಿಡಿಯಬೇಕು?

ತುಮಕೂರಿನ ಡಿಸೈನ್ ಅಂಗಡಿಗಳಿಗೆ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವ ಪ್ರಶ್ನೆ ಇದು: "ಅಣ್ಣ, ಫೋಟೋಶಾಪ್ ಫ್ರೀಯಾಗಿ ಎಲ್ಲಿ ಸಿಗುತ್ತೆ?" ಎಲ್ಲೂ ಸಿಗುವುದಿಲ್ಲ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ಬಿಟ್ಟು ಅದನ್ನು ಮಾಡುವ ಅಡೋಬಿ ಕಂಪನಿ 2013ರಲ್ಲಿ ಚಂದಾ ಪದ್ಧತಿಗೆ ಹೋಯಿತು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟುವ ಕ್ರ್ಯಾಕ್ ಪ್ರತಿ ಕದ್ದ ಮಾಲು, ಜೊತೆಗೆ ವೈರಸ್ಸನ್ನೂ ಕರೆತರಬಹುದು. ಅದೇ ಕಂಪ್ಯೂಟರ್‌ನಲ್ಲಿ ಮನೆಯವರ ಬ್ಯಾಂಕ್ ವ್ಯವಹಾರವೂ ನಡೆಯುತ್ತಿರುತ್ತದೆ, ಅಲ್ವಾ?

ಕಾನೂನು ಪ್ರಕಾರವೇ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳು ಈಗ ಬೇಕಾದಷ್ಟಿವೆ. ಕಷ್ಟ ಶುರುವಾಗುವುದೂ ಅಲ್ಲೇ. ಹತ್ತು ಹೆಸರು ಕೇಳಿ, ಹತ್ತನ್ನೂ ಹಾಕಿಕೊಂಡು, ಒಂದನ್ನೂ ಕಲಿಯದೆ ಬಿಡುವವರೇ ಜಾಸ್ತಿ. ನೆಟ್‌ನಲ್ಲಿ ಸಿಗುವ 'ಟಾಪ್ ಟೆನ್' ಪಟ್ಟಿಗಳು ನಮಗೆ ಬೇಕಾದ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಾ? ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಓಡುತ್ತಾ? ಕೊನೆಗೆ ಫೈಲು ಎಲ್ಲಿಗೆ ಹೋಗಬೇಕು, ವಾಟ್ಸಾಪ್‌ಗೋ, ಪರೀಕ್ಷೆ ಅರ್ಜಿಗೋ, ಫ್ಲೆಕ್ಸ್ ಮಷೀನಿಗೋ, ಪ್ರೆಸ್‌ಗೋ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಫ್ಟ್‌ವೇರ್ ತಾನಾಗಿ ಆಯ್ಕೆಯಾಗುತ್ತದೆ.

ಮೊದಲು ಅಕ್ಷರ ನೋಡಿ

ಯಾವುದೇ ಸಾಫ್ಟ್‌ವೇರ್ ಹಾಕಿದ ತಕ್ಷಣ ಫೋಟೋ ತೆರೆಯಬೇಡಿ. ಒಂದು ಖಾಲಿ ಹಾಳೆ ತೆರೆದು ಹೀಗೆ ಟೈಪ್ ಮಾಡಿ: ಶ್ರೀ ಸಿದ್ಧಗಂಗಾ ಕ್ಷೇತ್ರ, ರಾಷ್ಟ್ರ, ಸ್ವಾತಂತ್ರ್ಯ, ಸೂರ್ಯ, ಜ್ಯೋತ್ಸ್ನಾ. 'ಷ್ಟ್ರ' ಒಂದರ ಕೆಳಗೊಂದು ನೀಟಾಗಿ ಕೂತು, 'ಸೂರ್ಯ'ದ ಅರ್ಕಾವತ್ತು ತನ್ನ ಜಾಗದಲ್ಲೇ ಬಂದರೆ ಪಾಸ್. ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ, ಆ ಸಾಫ್ಟ್‌ವೇರ್ ಎಷ್ಟೇ ದೊಡ್ಡದಿರಲಿ, ಕನ್ನಡ ಕೆಲಸಕ್ಕೆ ಆಗಲ್ಲ.

ಹೀಗೇಕೆ ಆಗುತ್ತದೆ ಅಂದರೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಕ್ಷ' ಅನ್ನುವ ಅಕ್ಷರವೇ ಬೇರೆಯಾಗಿ ಇಲ್ಲ. ಕ, ಹಲಂತ, ಷ ಅಂತ ಮೂರು ಸಂಕೇತ ಇರುತ್ತವೆ. ಅವನ್ನು ಸೇರಿಸಿ ಪರದೆಯ ಮೇಲೆ ಒಂದೇ ಅಕ್ಷರವಾಗಿ ಬರೆಯುವ ಕೆಲಸ ಸಾಫ್ಟ್‌ವೇರ್ ಒಳಗಿನ ಬೇರೆ ಒಂದು ಭಾಗದ್ದು. ಫೋಟೋ ತಿದ್ದುವ ಗಿಂಪ್ ಮತ್ತು ಗೆರೆ, ಅಕ್ಷರದ ಕೆಲಸದ ಇಂಕ್‌ಸ್ಕೇಪ್ ಇದಕ್ಕೆ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಅನ್ನುವ ಉಚಿತ ಲೈಬ್ರರಿಗಳನ್ನು ಬಳಸುತ್ತವೆ. ಆದ್ದರಿಂದ ಇವೆರಡರಲ್ಲಿ ಕನ್ನಡ ಸಲೀಸು. ದುಡ್ಡಿನ ಸಾಫ್ಟ್‌ವೇರ್‌ಗಳೇ ಬಹಳ ವರ್ಷ ಇಲ್ಲಿ ಎಡವುತ್ತಿದ್ದವು. ನಮ್ಮ ಅಂಗಡಿಗಳು ಇಂದಿಗೂ ಹಳೆಯ ನುಡಿ ಫಾಂಟ್‌ಗಳನ್ನು ಬಿಡದೆ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಆ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಹಾಗಾಗಿ ಅಂಗಡಿಯವರು ಕೊಟ್ಟ ಮ್ಯಾಟರನ್ನು ಕಾಪಿ ಮಾಡಿ ಮೊಬೈಲ್‌ನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಸಾಲು ಬರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳು ಇವೆ, ಬಳಸಿ. ಹೊಸದಾಗಿ ಕಲಿಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು ಒಳ್ಳೆಯದು. ಫಾಂಟ್‌ಗೂ ಈಗ ಬರ ಇಲ್ಲ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಲಿನಕ್ಸ್ ಬಳಸುವವರಿಗೆ ಗುಬ್ಬಿ, ನವಿಲು ಅನ್ನುವ ಫಾಂಟ್‌ಗಳೂ ಸಿಗುತ್ತವೆ.

ಗಿಂಪ್: ಗಟ್ಟಿ ಆಳು, ಸ್ವಲ್ಪ ಒರಟು

ಗಿಂಪ್ 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ ಕೆಲಸ. ಇವತ್ತಿಗೂ ಪೂರ್ತಿ ಉಚಿತ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ಮೊಬೈಲ್ ಡೇಟಾ ನೋಡಿಕೊಂಡು ಖರ್ಚು ಮಾಡುವವರಿಗೆ ಇದು ದೊಡ್ಡ ವಿಷಯ.

2025ರ ಮಾರ್ಚ್‌ನಲ್ಲಿ 3.0 ಆವೃತ್ತಿ ಬಂದ ಮೇಲೆ ಗಿಂಪ್ ಬಗ್ಗೆ ಇದ್ದ ಹಳೆಯ ದೂರುಗಳಲ್ಲಿ ಕೆಲವು ಹೋದವು. ಮೊದಲು ಒಂದು ಎಫೆಕ್ಟ್ ಹಾಕಿದರೆ ಅದು ಚಿತ್ರಕ್ಕೆ ಅಂಟಿಕೊಂಡುಬಿಡುತ್ತಿತ್ತು. ಈಗ ಹಾಕಿದ ಎಫೆಕ್ಟನ್ನು ಆಮೇಲೆ ಬದಲಿಸಬಹುದು, ಬೇಡವಾದರೆ ತೆಗೆಯಬಹುದು. ಅಕ್ಷರಕ್ಕೆ ಔಟ್‌ಲೈನ್ ಕೊಡುವುದೂ ಟೆಕ್ಸ್ಟ್ ಟೂಲ್ ಒಳಗೇ ಬಂದಿದೆ. ಹಳದಿ ಅಕ್ಷರಕ್ಕೆ ಕೆಂಪು ಅಂಚು ಇಲ್ಲದಿದ್ದರೆ ಅದು ಫ್ಲೆಕ್ಸೇ ಅಲ್ಲ ಅನ್ನುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ 3.0 ಓಡಲು ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಹಳೆಯ 2.10 ಆವೃತ್ತಿಯೇ ಗತಿ. ಯೂಟ್ಯೂಬ್ ಪಾಠ ಆರಿಸುವಾಗಲೂ ಇದನ್ನು ನೋಡಿ. 2.10ರ ಪಾಠ ನೋಡಿಕೊಂಡು 3.0 ಕಲಿಯಲು ಹೋದರೆ ಮೆನುಗಳು ಹೊಂದದೆ ಸುಮ್ನೆ ತಲೆನೋವು.

ಹೊಸಬರು ಗಿಂಪ್‌ನಲ್ಲಿ ಮೊದಲು ಮುಗ್ಗರಿಸುವುದು ಸೇವ್ ಮಾಡುವಾಗ. 'ಸೇವ್' ಒತ್ತಿದರೆ ಅದು ಎಕ್ಸ್‌ಸಿಎಫ್ ಅನ್ನುವ ತನ್ನದೇ ಫೈಲನ್ನು ಮಾತ್ರ ಕೊಡುತ್ತದೆ. ಜೆಪೆಗ್ ಬೇಕಿದ್ದರೆ 'ಎಕ್ಸ್‌ಪೋರ್ಟ್ ಆ್ಯಸ್' ಗೆ ಹೋಗಬೇಕು. ಕಿರಿಕಿರಿ ನಿಜ, ಆದರೆ ಕಾರಣ ಇದೆ. ಎಕ್ಸ್‌ಸಿಎಫ್‌ನಲ್ಲಿ ಲೇಯರ್‌ಗಳೆಲ್ಲ, ಅಂದರೆ ಒಂದರ ಮೇಲೊಂದು ಇಟ್ಟ ಪದರಗಳೆಲ್ಲ, ಹಾಗೇ ಉಳಿಯುತ್ತವೆ, ಜೆಪೆಗ್‌ನಲ್ಲಿ ಎಲ್ಲ ಸೇರಿ ಒಂದಾಗುತ್ತವೆ. ಆಮಂತ್ರಣದಲ್ಲಿ ಮುಹೂರ್ತದ ಟೈಮ್ ಬದಲಾಯಿತು ಅಂತ ಗಿರಾಕಿ ವಾಪಸ್ ಬಂದಾಗ ಎಕ್ಸ್‌ಸಿಎಫ್ ಇಟ್ಟುಕೊಂಡವರು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಇನ್ನೊಂದು ಮಾತು. ಗಿಂಪ್ ತಾನಾಗಿ ಸೇವ್ ಮಾಡಿಕೊಳ್ಳುವುದಿಲ್ಲ. ಕರೆಂಟ್ ಹೋಗುವ ಕಡೆ ಆಗಾಗ ಕಂಟ್ರೋಲ್ ಎಸ್ ಒತ್ತುತ್ತಿರಿ.

ಅಭ್ಯಾಸಕ್ಕೆ ಪರೀಕ್ಷೆ ಅರ್ಜಿಯ ಫೋಟೋಗಿಂತ ಒಳ್ಳೆಯ ಕೆಲಸ ಇಲ್ಲ. ಬ್ಯಾಂಕ್ ಪರೀಕ್ಷೆಗಳ ಅರ್ಜಿಯಲ್ಲಿ ಸಾಮಾನ್ಯವಾಗಿ ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಒಳಗೆ ಇರಬೇಕು ಅನ್ನುತ್ತಾರೆ. ಗಿಂಪ್‌ನಲ್ಲಿ ಮೊದಲು ಕ್ರಾಪ್ ಮಾಡಿ, 'ಸ್ಕೇಲ್ ಇಮೇಜ್' ನಲ್ಲಿ ಅಳತೆ ಕೊಡಿ, ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಟಿಕ್ ಹಾಕಿ. ಕ್ವಾಲಿಟಿ ಪಟ್ಟಿಯನ್ನು ಎಳೆದಂತೆಲ್ಲ ಫೈಲ್ ಎಷ್ಟು ಕೆಬಿ ಆಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. ಸೈಬರ್ ಸೆಂಟರ್‌ನಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದಾದ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೋ ಹಾಳೆ ಮಾಡಿ. 35 ಮಿಲಿಮೀಟರ್ ಅಗಲ, 45 ಎತ್ತರ ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ, ಅಂದರೆ ಪಿಕ್ಸೆಲ್) 413 × 531 ಪಿಕ್ಸೆಲ್. 4 × 6 ಇಂಚಿನ ಹಾಳೆ 1200 × 1800 ಪಿಕ್ಸೆಲ್. ಹಾಳೆಯನ್ನು ಅಡ್ಡ ಮಾಡಿ ಸಾಲಿಗೆ ನಾಲ್ಕರಂತೆ ಎರಡು ಸಾಲು ಇಟ್ಟರೆ ಎಂಟು ಫೋಟೋ ಕೂತು, ಕತ್ತರಿಸಲು ಸುತ್ತ ಜಾಗವೂ ಉಳಿಯುತ್ತದೆ. ಪಿಕ್ಸೆಲ್, ಡಿಪಿಐ, ಕ್ರಾಪ್, ಲೇಯರ್ ನಾಲ್ಕೂ ಇದೊಂದರಲ್ಲೇ ಕೈಗೆ ಹತ್ತುತ್ತವೆ.

ಡೌನ್‌ಲೋಡ್ ಮಾಡುವಾಗ ಮಾತ್ರ ಹುಷಾರು. ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದ ಜಾಹೀರಾತನ್ನು ಒತ್ತಬೇಡಿ. 2022ರಲ್ಲಿ ಗಿಂಪ್ ಹೆಸರಿನ ನಕಲಿ ಜಾಹೀರಾತಿನ ಮೂಲಕ ಮಾಹಿತಿ ಕದಿಯುವ ವೈರಸ್ ಹಂಚಿದ್ದರು. ವಿಳಾಸ ಗಿಂಪ್ ಡಾಟ್ ಆರ್ಗ್ ಅಂತಲೇ ಇದೆಯಾ ನೋಡಿ.

ಫೋಟೋಪಿಯಾ: ಅಂಗಡಿ ಕೆಲಸಕ್ಕೆ ಹತ್ತಿರದ ದಾರಿ

ಬಿ.ಎಚ್. ರಸ್ತೆಯ ಯಾವುದಾದರೂ ಸ್ಟುಡಿಯೋದಲ್ಲಿ ಕೆಲಸ ಹಿಡಿಯಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಫೋಟೋಪಿಯಾ 2013ರಿಂದ ಇದೆ. ಇವಾನ್ ಕುಟ್ಸ್ಕಿರ್ ಅನ್ನುವ ಒಬ್ಬ ಪ್ರೋಗ್ರಾಮರ್ ಕಟ್ಟಿದ್ದು. ಇನ್‌ಸ್ಟಾಲ್ ಮಾಡುವಂಥದ್ದೇನಿಲ್ಲ, ಬ್ರೌಸರ್‌ನಲ್ಲಿ ತೆರೆದರೆ ಸಾಕು. ಪರದೆ ನೋಡಿದರೆ ಥೇಟ್ ಫೋಟೋಶಾಪ್. ಟೂಲ್‌ಗಳ ಜಾಗ, ಮೆನು, ಕೀಬೋರ್ಡ್ ಶಾರ್ಟ್‌ಕಟ್ ಎಲ್ಲ ಹೆಚ್ಚುಕಮ್ಮಿ ಅದೇ. ಇಲ್ಲಿ ಕೈ ಪಳಗಿದರೆ ನಾಳೆ ಅಂಗಡಿಯ ಫೋಟೋಶಾಪ್ ಮುಂದೆ ಕೂತಾಗ ತಡಕಾಡುವುದಿಲ್ಲ.

ಗಿಂಪ್‌ಗಿಂತ ಇದು ಮುಂದಿರುವುದು ಪಿಎಸ್‌ಡಿ, ಅಂದರೆ ಫೋಟೋಶಾಪ್‌ನ ಸ್ವಂತ ಫೈಲ್ ವಿಷಯದಲ್ಲಿ. ಅಂಗಡಿಯವರು ಕೊಟ್ಟ ಪಿಎಸ್‌ಡಿ ತೆರೆದರೆ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ತಿದ್ದಬಹುದು. ಗಿಂಪ್‌ನಲ್ಲಿ ಅದೇ ಫೈಲ್ ತೆರೆದರೆ ಅಕ್ಷರಗಳು ಬರೀ ಚಿತ್ರವಾಗಿ ಬರುತ್ತವೆ. ನಿಮ್ಮ ಫಾಂಟ್ ಫೈಲನ್ನು ಎಳೆದು ತಂದು ಪುಟದ ಮೇಲೆ ಬಿಟ್ಟರೆ ಅದೂ ಪಟ್ಟಿಗೆ ಸೇರುತ್ತದೆ. ಬ್ರೌಸರ್‌ನಲ್ಲಿ ಓಡಿದರೂ ನಿಮ್ಮ ಫೋಟೋ ಯಾವುದೋ ಸರ್ವರ್‌ಗೆ ಹೋಗುವುದಿಲ್ಲ, ಕೆಲಸವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಮನೆಯವರ ಫೋಟೋ ತಿದ್ದುವಾಗ ಇದೊಂದು ಸಮಾಧಾನ.

ಕೊರತೆಗಳೂ ಇವೆ. ದುಡ್ಡು ಕೊಡದಿದ್ದರೆ ಪಕ್ಕದಲ್ಲಿ ಜಾಹೀರಾತು ಕೂತು ಜಾಗ ತಿನ್ನುತ್ತದೆ. ಪಿಎಸ್‌ಡಿ ಆಗಿ ಸೇವ್ ಮಾಡದೆ ಟ್ಯಾಬ್ ಮುಚ್ಚಿದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ದೊಡ್ಡ ಫೈಲ್ ಬಂದರೆ ಬ್ರೌಸರ್ ಸುಸ್ತಾಗುತ್ತದೆ. ಲೆಕ್ಕ ಹಾಕಿ ನೋಡಿ. 6 × 4 ಅಡಿಯ ಬ್ಯಾನರ್, 72 ಡಿಪಿಐ ಅಂದರೆ 5184 × 3456 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಹಿಡಿದರೆ ಒಂದು ಲೇಯರ್‌ಗೇ ಸುಮಾರು 70 ಎಂಬಿ. ನಮ್ಮ ಕಡೆಯ ಬ್ಯಾನರ್‌ನಲ್ಲಿ ದೇವರು, ನಾಯಕರು, ಕೆಳಗೆ ಸಾಲಾಗಿ ಇಪ್ಪತ್ತು ಜನ ಅಭಿಮಾನಿಗಳು. ಒಂದೊಂದು ತಲೆಗೂ ಒಂದೊಂದು ಲೇಯರ್. ಸಣ್ಣ ಲೇಯರ್ ಕಮ್ಮಿ ಜಾಗ ತಿನ್ನುತ್ತದೆ, ನಿಜ. ಆದರೂ ನಾಲ್ಕು ಜಿಬಿ ಯಂತ್ರದಲ್ಲಿ ಬ್ರೌಸರ್ ನಂಬಿಕೊಂಡು ಶಿವರಾತ್ರಿ ಜಾತ್ರೆಯ ಬ್ಯಾನರ್‌ಗೆ ಕೈ ಹಾಕಬೇಡಿ. ಅಂಥ ಕೆಲಸಕ್ಕೆ ಗಿಂಪೇ ಸರಿ.

ಮಾಸ್ಕ್ ಬಂದರೆ ಅರ್ಧ ಕೆಲಸ ಬಂದಂತೆ

ಯಾವ ಸಾಫ್ಟ್‌ವೇರ್ ಹಿಡಿದರೂ ಕಲಿಯಬೇಕಾದ ಮುಖ್ಯ ವಿದ್ಯೆ ಲೇಯರ್ ಮಾಸ್ಕ್. ಗುಂಪು ಫೋಟೋದಿಂದ ಒಬ್ಬರನ್ನು ಕತ್ತರಿಸಿ ಬ್ಯಾನರ್‌ಗೆ ಹಾಕಬೇಕು ಅಂದುಕೊಳ್ಳಿ. ಹೊಸಬರು ನೇರ ಎರೇಸರ್ ತಗೊಂಡು ಸುತ್ತ ಅಳಿಸುತ್ತಾ ಹೋಗುತ್ತಾರೆ. ಕಿವಿಯ ಅಂಚು ಸ್ವಲ್ಪ ಜಾಸ್ತಿ ಅಳಿಸಿತು ಅನ್ನಿ, ಆಮೇಲೆ ಅದು ವಾಪಸ್ ಬರುವುದಿಲ್ಲ. ಮಾಸ್ಕ್‌ನಲ್ಲಿ ಏನೂ ಅಳಿಸುವುದಿಲ್ಲ. ಕಪ್ಪು ಬಣ್ಣ ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ.

ಮೊದಲು ಸೆಲೆಕ್ಷನ್ ಟೂಲ್‌ನಿಂದ ಒರಟಾಗಿ ಆಳನ್ನು ಸುತ್ತಿ, ಆ ಸೆಲೆಕ್ಷನ್‌ನಿಂದಲೇ ಮಾಸ್ಕ್ ಹಾಕಿ. ಈಗ ಹಿಂದೆ ಒಂದು ಗಾಢ ಬಣ್ಣದ ಲೇಯರ್ ಇಟ್ಟು, ಚಿತ್ರವನ್ನು ಇನ್ನೂರು ಪರ್ಸೆಂಟ್‌ಗೆ ದೊಡ್ಡದು ಮಾಡಿ ನೋಡಿ. ಭುಜದ ಮೇಲೆ ಕಲ್ಯಾಣ ಮಂಟಪದ ಗೋಡೆಯ ಹಸಿರು ಗೆರೆಯಾಗಿ ಅಂಟಿಕೊಂಡಿರುತ್ತದೆ. ಮೆತ್ತನೆ ಅಂಚಿನ ಸಣ್ಣ ಬ್ರಷ್, ಕಪ್ಪು ಬಣ್ಣ, ಆ ಗೆರೆಯ ಮೇಲೆ ನಿಧಾನವಾಗಿ ಎಳೆಯಿರಿ. ಕೂದಲು ಬಂದ ಕಡೆ ಬ್ರಷ್‌ನ ಒಪಾಸಿಟಿ (ಬಣ್ಣದ ಗಾಢತೆ) ಇಳಿಸಿ. ಮುಡಿದ ಮಲ್ಲಿಗೆ ದಂಡೆ ಇದ್ದರೆ ಒಂದೊಂದು ಮೊಗ್ಗನ್ನೂ ಬಿಳಿ ಬಣ್ಣದಿಂದ ವಾಪಸ್ ತರಬೇಕಾಗುತ್ತದೆ. ತಾಳ್ಮೆ ಬೇಕು. ಗಿಂಪ್, ಫೋಟೋಪಿಯಾ, ಮುಂದೆ ಹೇಳುವ ಕ್ರಿಟಾ ಮೂರರಲ್ಲೂ ಮಾಸ್ಕ್ ನಡೆಯುವ ರೀತಿ ಒಂದೇ. ಒಂದರಲ್ಲಿ ಬಂದರೆ ಉಳಿದದ್ದಕ್ಕೆ ಹೋಗುವುದು ಕಷ್ಟವಲ್ಲ.

ಇಂಕ್‌ಸ್ಕೇಪ್: ಅಕ್ಷರ ಜಾಸ್ತಿ ಇದ್ದರೆ ಇದು

ಫೋಟೋ ಕಮ್ಮಿ, ಅಕ್ಷರ ಜಾಸ್ತಿ ಇರುವ ಕೆಲಸವನ್ನು ಫೋಟೋ ಸಾಫ್ಟ್‌ವೇರ್‌ನಲ್ಲಿ ಮಾಡುವುದೇ ತಪ್ಪು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಚೀಲದ ಮೇಲಿನ ಲೇಬಲ್, ಅಂಗಡಿ ಬೋರ್ಡು, ಇವೆಲ್ಲ ಗೆರೆಯ ಕೆಲಸ. ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಪಿಕ್ಸೆಲ್‌ಗಳಿಂದ ಆಗಿರುವುದಿಲ್ಲ, ಗೆರೆಗಳ ಲೆಕ್ಕದಿಂದ ಆಗಿರುತ್ತದೆ. ಕಾರ್ಡಿನ ಮೇಲಿದ್ದ ಲೋಗೋವನ್ನು ಹತ್ತಡಿ ಬೋರ್ಡಿಗೆ ಹಿಗ್ಗಿಸಿದರೂ ಅಂಚು ಹರಿಯುವುದಿಲ್ಲ. 2003ರಿಂದ ಬೆಳೆದು ಬಂದ ಇದು ಕೂಡ ಪೂರ್ತಿ ಉಚಿತ. ನಮ್ಮ ಪ್ರಿಂಟಿಂಗ್ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಮಾಡುವ ಕೆಲಸಕ್ಕೆ ಉಚಿತದಲ್ಲಿ ಹತ್ತಿರ ಬರುವುದು ಇದೇ.

ಪ್ರೆಸ್‌ಗೆ ಕೊಡುವ ಮುಂಚೆ ಒಂದು ಕೆಲಸ ಮರೆಯಬೇಡಿ. ಎಲ್ಲ ಅಕ್ಷರ ಆರಿಸಿ 'ಆಬ್ಜೆಕ್ಟ್ ಟು ಪಾತ್' ಕೊಡಿ. ಆಗ ಅಕ್ಷರಗಳು ಆಕಾರಗಳಾಗುತ್ತವೆ. ಪ್ರೆಸ್‌ನವರ ಹತ್ತಿರ ನಿಮ್ಮ ಫಾಂಟ್ ಇಲ್ಲದಿದ್ದರೂ 'ಗೃಹಪ್ರವೇಶ' ಒಡೆದುಹೋಗುವುದಿಲ್ಲ. ತಿದ್ದುವುದಕ್ಕೆ ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ, ಯಾಕೆಂದರೆ ಪಾತ್ ಆದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ.

ಕ್ರಿಟಾ ಮತ್ತು ಉಳಿದವು

ಕ್ರಿಟಾ ಚಿತ್ರ ಬರೆಯುವವರದ್ದು. ಪೆನ್ ಟ್ಯಾಬ್ಲೆಟ್ ಇದ್ದು, ಕಾರ್ಟೂನ್, ಕಥೆಗೆ ಚಿತ್ರ ಬರೆಯುವ ಆಸೆ ಇದ್ದರೆ ಬೇರೆ ಯಾವುದನ್ನೂ ನೋಡಬೇಡಿ. ಬ್ರಷ್‌ಗಳು ಬಹಳ ಚೆನ್ನ, ತಾನಾಗಿ ಸೇವ್ ಕೂಡ ಮಾಡಿಕೊಳ್ಳುತ್ತದೆ. ಅದರ ಸ್ವಂತ ವೆಬ್‌ಸೈಟ್‌ನಿಂದ ತಗೊಂಡರೆ ಉಚಿತ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಅದಕ್ಕೇ ಬೆಲೆ ಇಟ್ಟಿದ್ದಾರೆ, ಅದು ತಯಾರಕರಿಗೆ ನೆರವಾಗಲಿ ಅಂತ. ಫೋಟೋ ತಿದ್ದುವ ಕೆಲಸಕ್ಕೆ ಮಾತ್ರ ಇದು ಮೊದಲ ಆಯ್ಕೆ ಅಲ್ಲ.

ಪೇಂಟ್ ಡಾಟ್ ನೆಟ್ ಹಗುರ, ಕಲಿಯಲು ಸುಲಭ, ವಿಂಡೋಸ್‌ಗೆ ಮಾತ್ರ. ಆದರೆ ಒಮ್ಮೆ ಬರೆದು ಮುಗಿಸಿದ ಅಕ್ಷರವನ್ನು ಮತ್ತೆ ತಿದ್ದಲು ಬಿಡುವುದಿಲ್ಲ. ಆಮಂತ್ರಣ ಮಾಡುವವರಿಗೆ ಇದೊಂದೇ ಕಾರಣ ಸಾಕು, ಬೇಡ ಅನ್ನಲು. ಮದುವೆ ಫೋಟೋ ತೆಗೆಯುವವರು, ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ ಕಚ್ಚಾ ಚಿತ್ರ) ಬಳಸುವವರು ಡಾರ್ಕ್‌ಟೇಬಲ್ ನೋಡಿ. ಬಣ್ಣ, ಬೆಳಕು ಸರಿಮಾಡಲು ಅದು ಬಹಳ ಸಮರ್ಥ. ಆದರೆ ಹೊಸಬರಿಗೆ ಸ್ವಲ್ಪ ಗಾಬರಿ ಹುಟ್ಟಿಸುತ್ತದೆ. ಕ್ಯಾನ್ವಾ ಕಂಪನಿ ಅಫಿನಿಟಿ ಅನ್ನುವ ದುಡ್ಡಿನ ಡಿಸೈನ್ ಸಾಫ್ಟ್‌ವೇರನ್ನು ಕೊಂಡು, 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿತು. ಒಳ್ಳೆಯ ಸಾಫ್ಟ್‌ವೇರೇ. ಮೇಲೆ ಹೇಳಿದ ಅಕ್ಷರ ಪರೀಕ್ಷೆ ಮಾಡಿ ನೋಡಿಯೇ ಅದಕ್ಕೆ ಸಮಯ ಕೊಡಿ.

ಕಂಪ್ಯೂಟರೇ ಇಲ್ಲದಿದ್ದರೆ?

ಮೊಬೈಲ್ ಇದ್ದರೆ ಸ್ನ್ಯಾಪ್‌ಸೀಡ್ ಹಾಕಿಕೊಳ್ಳಿ. ಗೂಗಲ್‌ನದು, ಉಚಿತ. ದೇವರಾಯನದುರ್ಗದ ಮೇಲಿಂದ ಬೆಳಗ್ಗೆ ತೆಗೆದ ಫೋಟೋದಲ್ಲಿ ಆಕಾಶ ಬೆಳ್ಳಗಾಗಿ ಮುಖ ಕಪ್ಪಗಾಗಿದ್ದರೆ, 'ಸೆಲೆಕ್ಟಿವ್' ಟೂಲ್‌ನಲ್ಲಿ ಮುಖದ ಮೇಲೆ ಒಂದು ಚುಕ್ಕೆ ಇಟ್ಟು ಅಷ್ಟನ್ನೇ ಬೆಳಗಿಸಬಹುದು. ಮಾಡಿದ ಬದಲಾವಣೆಗಳೆಲ್ಲ ಪಟ್ಟಿಯಾಗಿ ಉಳಿದಿರುತ್ತವೆ, ಹಿಂದೆ ಹೋಗಿ ಒಂದನ್ನು ಮಾತ್ರ ತಿದ್ದಬಹುದು. ಬೆಳಕು, ಕಾಂಟ್ರಾಸ್ಟ್ ಅಂದರೆ ಏನು ಅಂತ ಕಣ್ಣಿಗೆ ಅಭ್ಯಾಸ ಆಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಕ್ಯಾನ್ವಾ ಬೇರೆ ಜಾತಿ. ಸಂಜೆ ಹೇಳಿ ರಾತ್ರಿ ಬೇಕು ಅನ್ನುವ ಹುಟ್ಟುಹಬ್ಬದ ಪೋಸ್ಟರ್‌ಗೆ ಅದು ಸರಿ, ಕನ್ನಡ ಫಾಂಟ್‌ಗಳೂ ಇವೆ. ಆದರೆ ಕಿರೀಟದ ಗುರುತಿದ್ದದ್ದಕ್ಕೆಲ್ಲ ದುಡ್ಡು, ಬ್ಯಾಕ್‌ಗ್ರೌಂಡ್ ತೆಗೆಯುವುದಕ್ಕೂ ದುಡ್ಡು. ಮೇಲಾಗಿ ಇನ್ನೊಬ್ಬರು ಮಾಡಿಟ್ಟ ಡಿಸೈನ್‌ನಲ್ಲಿ ಹೆಸರು ಬದಲಿಸಿದರೆ ಕೆಲಸ ಮುಗಿಯುತ್ತದೆ, ವಿದ್ಯೆ ಬರುವುದಿಲ್ಲ. ಕಲಿಯಬೇಕು ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಪ್ರಿಂಟ್‌ಗೆ ಕೊಡುವ ಮುಂಚೆ

ಪರದೆಯ ಮೇಲೆ ಹೊಳೆಯುವ ಗಿಳಿಹಸಿರು, ನೀಲಿ ಮುದ್ರಣದಲ್ಲಿ ಮಂಕಾಗಿ ಬರುತ್ತವೆ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಮಷೀನು ನಾಲ್ಕು ಶಾಯಿಯಿಂದ ಮಾಡುತ್ತದೆ, ಅದನ್ನೇ ಸಿಎಂವೈಕೆ ಅನ್ನುವುದು. ಕ್ರಿಟಾದಲ್ಲಿ ನೇರವಾಗಿ ಸಿಎಂವೈಕೆಯಲ್ಲೇ ಕೆಲಸ ಮಾಡಬಹುದು. ಗಿಂಪ್‌ನಲ್ಲಿ ಆಗುವುದಿಲ್ಲ, ಆದರೆ ಶಾಯಿಯಲ್ಲಿ ಬಣ್ಣ ಹೇಗೆ ಕಾಣುತ್ತದೆ ಅಂತ ಸಾಫ್ಟ್ ಪ್ರೂಫ್‌ನಲ್ಲಿ ನೋಡಿಕೊಳ್ಳಬಹುದು.

ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಎಷ್ಟು ಡಿಪಿಐ ಬೇಕು, ಯಾವ ಫೈಲ್ ಬೇಕು, ಸುತ್ತ ಎಷ್ಟು ಅಂಚು ಬಿಡಬೇಕು. ಒಬ್ಬರು 72 ಸಾಕು ಅಂದರೆ ಇನ್ನೊಬ್ಬರು 100 ಕೇಳಬಹುದು. ಫ್ಲೆಕ್ಸ್‌ಗೆ ತೂತು ಹೊಡೆದು ಹಗ್ಗ ಕಟ್ಟುವ ಕಡೆ ಹೆಸರು ಬಾರದ ಹಾಗೆ ಅಂಚಿನಲ್ಲಿ ಜಾಗ ಬಿಡಿ. ದೊಡ್ಡ ಬ್ಯಾನರ್ ಆದರೆ ಮುಖ ಇರುವ ಒಂದು ಅಡಿಯ ತುಂಡನ್ನು ಮೊದಲು ಪ್ರಿಂಟ್ ತೆಗೆಸಿ. ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಮುಖ ಕಪ್ಪಾಗಿ ಕಂಡರೆ ವಾಪಸ್ ಬಂದು ಆ ಲೇಯರ್ ಒಂದನ್ನೇ ಸ್ವಲ್ಪ ಬೆಳಗಿಸಿ, ಆಮೇಲೆ ಪೂರ್ತಿ ಪ್ರಿಂಟ್‌ಗೆ ಹೇಳಿ.